ಯಾವ ಕ್ಯಾಮೆರಾ ಕೊಳ್ಳಲಿ, ಮೇಷ್ಟ್ರೇ?

ಸಾಗರದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವವನು ನಾನು. ಆದರೆ ಊರಿನವರು ನನ್ನಲ್ಲಿ ಗಣಿತ ಕೇಳುವುದಿಲ್ಲ. ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತವರು, ಪೋಷಕರ ಸಭೆ ಮುಗಿದ ಮೇಲೂ ಬಾಗಿಲಲ್ಲಿ ನಿಂತೇ ಇರುವವರು ಕೇಳುವುದು ಒಂದೇ: “ಅರವತ್ತು ಸಾವಿರ ಇಟ್ಟಿದ್ದೇನೆ ಮೇಷ್ಟ್ರೇ, ಯಾವ ಕ್ಯಾಮೆರಾ ಕೊಳ್ಳಲಿ?” ನಾನು ತಿರುಗಿ ಕೇಳುತ್ತೇನೆ: “ಕೈಯಲ್ಲಿರುವ ಮೊಬೈಲಿನಲ್ಲಿ ನಿಮಗೆ ಯಾವ ಫೋಟೊ ಸಿಗುತ್ತಿಲ್ಲ?”

ಮಾಡೆಲ್ ನಂಬರು ಬರೆದುಕೊಂಡು ಹೋಗಲು ಬಂದವರಿಗೆ ಇದು ಮೇಷ್ಟರ ಹಳೆಯ ಚಾಳಿ ಅನ್ನಿಸುತ್ತದೆ. ಆದರೂ ಯೋಚಿಸಿ ಹೇಳುತ್ತಾರೆ. ಕಳೆದ ವರ್ಷ ಕೇಳಿದ ಮೂವರಲ್ಲಿ ಒಬ್ಬರು, “ರಾತ್ರಿ ಯಕ್ಷಗಾನದ ಆಟದಲ್ಲಿ ವೇಷದ ಮುಖವೇ ಕಲಸಿಹೋಗುತ್ತದೆ” ಎಂದರು. ಇನ್ನೊಬ್ಬರದು, “ಗುಡವಿ ಪಕ್ಷಿಧಾಮದಲ್ಲಿ ಹಕ್ಕಿ ಸಾಸಿವೆಯಷ್ಟು ಕಾಣುತ್ತದೆ.” ಮೂರನೆಯವರು ಮಗಳ ಭರತನಾಟ್ಯದ ವಿಡಿಯೊ ಚೆನ್ನಾಗಿ ಬರಬೇಕು, ಆದರೆ ತಮಗೆ ಕಲಿಯಲು ಪುರುಸೊತ್ತಿಲ್ಲ ಎಂದು ನೇರವಾಗಿ ಹೇಳಿದರು. ಮೂವರ ಜೇಬಿನಲ್ಲಿದ್ದ ಹಣ ಹೆಚ್ಚುಕಡಿಮೆ ಒಂದೇ. ನಾನು ಹೇಳಿದ ಸಾಮಾನು ಮಾತ್ರ ಮೂರು ಬಗೆ.

ನಾಲ್ಕನೆಯ ಬಗೆಯವರೂ ಇದ್ದಾರೆ. ಸಿಗದ ಫೋಟೊ ಯಾವುದೆಂದು ಎಷ್ಟು ಯೋಚಿಸಿದರೂ ಅವರಿಗೆ ಹೊಳೆಯುವುದಿಲ್ಲ. ಅಂಥವರಿಗೆ ಆ ಹಣವನ್ನು ಬ್ಯಾಂಕಿನಲ್ಲೇ ಇಡಿ ಎನ್ನುತ್ತೇನೆ. ಮನೆಯ ಪೂಜೆ, ಜೋಗದ ಮುಂದೆ ನಿಂತ ಸಂಸಾರ, ಇಕ್ಕೇರಿ ದೇವಾಲಯದ ಹೊರಗೋಡೆಯ ಶಿಲ್ಪ, ಊಟದ ಎಲೆ, ಇವಕ್ಕೆಲ್ಲ ಒಳ್ಳೆಯ ಮೊಬೈಲ್ ಸಾಕು. ಇಕ್ಕೇರಿಯ ಒಳಗಿನ ಕತ್ತಲಲ್ಲೂ ಕಂಬಕ್ಕೆ ಕೈ ಊರಿ ಅಲುಗದೆ ಹಿಡಿದರೆ ಮೊಬೈಲಿನ ರಾತ್ರಿ ಮೋಡ್ ನನ್ನ ಹಳೆಯ ಕ್ಯಾಮೆರಾವನ್ನು ನಾಚಿಸುವಂತೆ ತೆಗೆಯುತ್ತದೆ. ಅದು ಒಂದರ ಹಿಂದೊಂದು ಹಲವು ಚಿತ್ರ ತೆಗೆದು ಒಂದರ ಮೇಲೊಂದು ಕೂಡಿಸುತ್ತದೆ. ಕಲ್ಲು ಅಲುಗುವುದಿಲ್ಲವಾದ್ದರಿಂದ ಕೂಡಿಸುವ ಲೆಕ್ಕ ತಪ್ಪುವುದಿಲ್ಲ. ಕುಣಿಯುವ ವೇಷ ಅಲುಗುತ್ತದೆ. ಮೊದಲನೆಯವರ ಫೋಟೊ ಕಲಸಿಹೋಗುತ್ತಿದ್ದುದು ಅದಕ್ಕೇ.

ಆಟದ ರಾತ್ರಿಯ ಲೆಕ್ಕ

ಇಲ್ಲಿ ಸ್ವಲ್ಪ ಗಣಿತ ಮಾಡಲೇಬೇಕು. ಲೆನ್ಸಿನ ಮೇಲೆ ಬರೆದ ಎಫ್ ಸಂಖ್ಯೆ ಎಂದರೆ ಅದರ ಫೋಕಲ್ ಉದ್ದವನ್ನು ಬೆಳಕು ಒಳಬರುವ ಕಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಭಾಗಲಬ್ಧ. ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ಬೆಳಕು ಬರುವುದು ಕಂಡಿಯ ವಿಸ್ತೀರ್ಣದಿಂದ, ವ್ಯಾಸದಿಂದಲ್ಲ. ಹಾಗಾಗಿ ವರ್ಗ ಮಾಡಬೇಕು. ಕ್ಯಾಮೆರಾದ ಜೊತೆಗೆ ಬರುವ 18–55 ಕಿಟ್ ಲೆನ್ಸನ್ನು ಪೂರ್ತಿ ಎಳೆದರೆ ಎಫ್/5.6. ಪ್ರತ್ಯೇಕವಾಗಿ ಸಿಗುವ, ಜೂಮ್ ಆಗದ 35 ಮಿ.ಮೀ. ಪ್ರೈಮ್ ಲೆನ್ಸ್ ಎಫ್/1.8. ಐದೂವರೆಗೆ ತುಸು ಮೇಲಿರುವುದನ್ನು ಒಂದು ಮುಕ್ಕಾಲಿಗೆ ತುಸು ಮೇಲಿರುವುದರಿಂದ ಭಾಗಿಸಿದರೆ ಮೂರಕ್ಕೆ ಸ್ವಲ್ಪ ಹೆಚ್ಚು. ಅದರ ವರ್ಗ ಹತ್ತರ ಹತ್ತಿರ. ಅಂದರೆ ಆ ಪುಟ್ಟ ಲೆನ್ಸು ಹತ್ತು ಪಾಲು ಬೆಳಕು ಒಳಗೆ ಬಿಡುತ್ತದೆ.

ಹತ್ತು ಪಾಲು ಎಂದರೆ ಏನೆಂದು ಚೌಕಿಯಲ್ಲಿ ಕುಳಿತರೆ ತಿಳಿಯುತ್ತದೆ. ರಂಗಸ್ಥಳದ ಹಿಂದಿನ ಆ ಚೌಕದಲ್ಲಿ ಕಲಾವಿದರು ಸಾಲಾಗಿ ಕುಳಿತು, ಎಡಗೈಯಲ್ಲಿ ಕನ್ನಡಿ ಹಿಡಿದು, ಕಡ್ಡಿಯಿಂದ ಹುಬ್ಬಿನ ಗೆರೆ ಎಳೆದುಕೊಳ್ಳುತ್ತಿರುತ್ತಾರೆ. ತಲೆಯ ಮೇಲೆ ಒಂದೋ ಎರಡೋ ಬಲ್ಬು. ಗೆರೆ ಎಳೆಯುವಾಗ ಅವರು ಉಸಿರು ಬಿಗಿಹಿಡಿಯುತ್ತಾರೆ, ನಾನೂ ಹಿಡಿಯುತ್ತೇನೆ. ಫ್ಲಾಶ್ ಹಾರಿಸಿದರೆ ಗೆರೆ ತಪ್ಪೀತು, ಬೈಗುಳವೂ ಸಿಕ್ಕೀತು. ಅಲ್ಲಿ ಎಫ್/1.8 ಇದ್ದರೆ, ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂದು ಸೂಚಿಸುವ ಐಎಸ್‌ಒ 1600ರಲ್ಲಿ 1/250 ಸೆಕೆಂಡಿನ ಶಟರ್ ವೇಗ ಸಿಗುವ ಕಡೆ, ಕಿಟ್ ಲೆನ್ಸಿಗೆ ಸಿಗುವುದು 1/25. ಕುಳಿತ ಮುಖಕ್ಕೆ 1/25 ಹೇಗೋ ನಡೆದೀತು. ಅದೇ ವೇಷ ರಂಗಕ್ಕೆ ಬಂದು ಮಂಡಿ ಹಾಕಿ ತಿರುಗತೊಡಗಿದರೆ 1/25ರಲ್ಲಿ ನಿಮಗೆ ಸಿಗುವುದು ಕೆಂಪು ಹಳದಿ ಬಣ್ಣದ ಬುಗುರಿ, ಅಷ್ಟೇ.

ಆದ್ದರಿಂದ ಆಟದ ಹುಚ್ಚಿನವರಿಗೆ ನನ್ನ ಮಾತು ಸ್ಪಷ್ಟ: ಹಣದಲ್ಲಿ ಮೊದಲ ಪಾಲು ಲೆನ್ಸಿಗೆ, ಉಳಿದದ್ದು ಕ್ಯಾಮೆರಾಕ್ಕೆ. ನಾನೇ ಇದನ್ನು ತಿರುಗಾಮುರುಗಾ ಮಾಡಿ ಏಳು ವರ್ಷ ಕಳೆದವನು. ನನ್ನ ಮೊದಲ ಕ್ಯಾಮೆರಾ ನಿಕಾನ್ ಡಿ3100. ಫೋಟೊ ಚೆನ್ನಾಗಿ ಬರುತ್ತಿಲ್ಲವೆಂದು 2019ರಲ್ಲಿ ಸಾಲ ಮಾಡಿ ಹಳೆಯ ಡಿ7200 ಕೊಂಡು, ಅದಕ್ಕೆ ಅದೇ ಕಿಟ್ ಲೆನ್ಸ್ ಸಿಕ್ಕಿಸಿದೆ. ಫೋಟೊ ಮೊದಲಿದ್ದಂತೆಯೇ ಬಂತು. ಕಂತು ಮಾತ್ರ ಹೊಸದು. 35 ಮಿ.ಮೀ. ಎಫ್/1.8 ಲೆನ್ಸನ್ನು ಹಾಕಿದ ರಾತ್ರಿಯೇ ನನಗೆ ಕ್ಯಾಮೆರಾ ಬದಲಾಯಿತು ಅನ್ನಿಸಿದ್ದು.

ಒಂದು ಎಚ್ಚರಿಕೆ. ಈಗ ಆಟದ ರಂಗಕ್ಕೆ ಎಲ್‌ಇಡಿ ದೀಪ ಬಂದಿವೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಹೊಳೆದು ಮಂಕಾಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಫೋಟೊದ ಮೇಲೆ ಅಡ್ಡಪಟ್ಟಿಗಳು ಮೂಡುತ್ತವೆ, ಜಮಖಾನ ಹಾಸಿದ ಹಾಗೆ. ಅಲ್ಲಿ ಮೆಕ್ಯಾನಿಕಲ್ ಶಟರ್ ಬಳಸಿ, ಫ್ಲಿಕರ್ ತಡೆಯುವ ಆಯ್ಕೆ ಕ್ಯಾಮೆರಾದಲ್ಲಿ ಇದ್ದರೆ ಹಾಕಿಕೊಳ್ಳಿ. ಎರಡೂ ಆಗದಿದ್ದರೆ 1/100 ಸೆಕೆಂಡಿಗೆ ಇಳಿದು, ಕಲಾವಿದ ಭಂಗಿಯಲ್ಲಿ ನಿಲ್ಲುವ ಗಳಿಗೆಗೆ ಕಾಯಬೇಕು. ಭಾಗವತರ ಪದ ಕೇಳುತ್ತಿದ್ದರೆ ಆ ಗಳಿಗೆ ಯಾವಾಗ ಬರುತ್ತದೆಂದು ಮುಂಚೆಯೇ ತಿಳಿಯುತ್ತದೆ. ಕಿವಿ ಇಲ್ಲದೆ ಆಟದ ಫೋಟೊ ತೆಗೆಯುವುದು ಕಷ್ಟ.

ಕನ್ನಡಿ ಇರುವುದೋ, ಇಲ್ಲದ್ದೋ?

ಅಂದರೆ ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕೊಳ್ಳಬೇಕೋ, ಕನ್ನಡಿ ಇಲ್ಲದ ಮಿರರ್‌ಲೆಸ್ ಕೊಳ್ಳಬೇಕೋ. ಮುಂದಿನ ಕಾಲ ಯಾವುದರದ್ದು ಎಂಬ ಚರ್ಚೆ ಮುಗಿದಿದೆ. ಕ್ಯಾನನ್ ಮತ್ತು ನಿಕಾನ್ ಎರಡೂ 2018ರಲ್ಲಿ ಮಿರರ್‌ಲೆಸ್‌ಗಾಗಿ ಹೊಸ ಮೌಂಟ್ (ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಾಯಿ) ತಂದವು. ಆಮೇಲೆ ಅವುಗಳ ಶ್ರಮವೆಲ್ಲ ಅತ್ತಲೇ. ಆದರೆ ನಿಕಾನಿನ ಎಫ್ ಮೌಂಟ್ 1959ರದ್ದು, ಕ್ಯಾನನ್ನಿನ ಇಎಫ್ ಮೌಂಟ್ 1987ರದ್ದು. ಇಷ್ಟು ದಶಕಗಳಲ್ಲಿ ತಯಾರಾದ ಲೆನ್ಸುಗಳು ಜನರ ಕಪಾಟಿನಿಂದ ಈಗ ಮಾರುಕಟ್ಟೆಗೆ ಇಳಿಯುತ್ತಿವೆ. ಮುಂದಿನ ಕಾಲ ಅವರದ್ದಿರಲಿ, ನಮ್ಮಂಥ ಸಂಬಳದವರಿಗೆ ಹಿಂದಿನ ಕಾಲದ ಸಾಮಾನು ಅಗ್ಗವಾಗಿ ಸಿಗುವ ಹೊತ್ತು ಇದು.

ಮಿರರ್‌ಲೆಸ್‌ನ ದೊಡ್ಡ ಗುಣ ಅದರ ಕಣ್ಣು. ವ್ಯೂಫೈಂಡರಿನಲ್ಲಿ ಕಾಣುವುದೇ ಫೋಟೊದಲ್ಲಿ ಬರುವುದು. ಕಪ್ಪಾದರೆ ತೆಗೆಯುವ ಮೊದಲೇ ಕಪ್ಪು ಕಾಣುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ನಾನು ಎರಡು ವರ್ಷ ತಪ್ಪಿ ತಪ್ಪಿ ಕಲಿತದ್ದನ್ನು ನನ್ನ ವಿದ್ಯಾರ್ಥಿಯೊಬ್ಬ ಮಿರರ್‌ಲೆಸ್‌ನಲ್ಲಿ ಎರಡು ತಿಂಗಳಲ್ಲಿ ಕಲಿತ. ಜೊತೆಗೆ ಇವು ಕಣ್ಣು ಗುರುತಿಸಿ ಫೋಕಸ್ ಹಿಡಿಯುತ್ತವೆ. ಕ್ಯಾನನ್ ಆರ್50ರಂಥ ಚಿಕ್ಕ ಕ್ಯಾಮೆರಾ ಕೂಡ ಮನುಷ್ಯನ ಕಣ್ಣನ್ನಷ್ಟೇ ಅಲ್ಲ, ಹಕ್ಕಿಯನ್ನೂ ಗುರುತಿಸುತ್ತದೆ. ವಿಡಿಯೊಗಂತೂ ಹೋಲಿಕೆಯೇ ಇಲ್ಲ. ಭರತನಾಟ್ಯದ ತಂದೆಗೆ ನಾನು ಹಿಂದೆಮುಂದೆ ನೋಡದೆ ಹೇಳಿದ್ದು ಮಿರರ್‌ಲೆಸ್. ಅದರಲ್ಲೂ ವ್ಯೂಫೈಂಡರ್ ಇರುವುದನ್ನೇ ಕೊಳ್ಳಿ ಎಂದೆ. ಸೋನಿಯ ಝಡ್‌ವಿ-ಇ10 ವಿಡಿಯೊಗೆ ಒಳ್ಳೆಯದೇ, ಆದರೆ ಅದಕ್ಕೆ ಕಣ್ಣಿಟ್ಟು ನೋಡುವ ಕಿಂಡಿಯೇ ಇಲ್ಲ; ಮಧ್ಯಾಹ್ನದ ಬಿಸಿಲಲ್ಲಿ ಹಿಂದಿನ ಪರದೆ ನೋಡುತ್ತ ಕಣ್ಣು ಕಿರಿದು ಮಾಡಿಕೊಂಡು ನಿಲ್ಲಬೇಕು.

ಕುಂದುಗಳೂ ಇವೆ. ಹೊಸ ಮಿರರ್‌ಲೆಸ್‌ಗಳ ಕಿಟ್ ಲೆನ್ಸುಗಳು ಹಳೆಯವಕ್ಕಿಂತಲೂ ಕಂಜೂಸು. ಕ್ಯಾನನ್ನಿನ 18–45 ಪೂರ್ತಿ ಎಳೆದರೆ ಎಫ್/6.3. ಮೇಲಿನ ಲೆಕ್ಕವನ್ನೇ ಮಾಡಿದರೆ ಎಫ್/1.8ರ ಹನ್ನೆರಡರಲ್ಲಿ ಒಂದು ಪಾಲು ಬೆಳಕು. ಅರವತ್ತು ಸಾವಿರದವರಿಗೆ ಹೊಸ ಕ್ಯಾಮೆರಾ ಮತ್ತು ಆ ಲೆನ್ಸಿಗೇ ಹಣ ಮುಗಿಯುತ್ತದೆ. ಬ್ಯಾಟರಿಯದ್ದು ಇನ್ನೊಂದು ಕಥೆ. ಡಿ7200ರ ಬ್ಯಾಟರಿ ಕಂಪನಿಯ ಲೆಕ್ಕದಲ್ಲಿ 1,110 ಫೋಟೊ ಕೊಡುತ್ತದೆ. ಚಿಕ್ಕ ಮಿರರ್‌ಲೆಸ್‌ಗಳದ್ದು ಮುನ್ನೂರರ ಆಸುಪಾಸು. ಬೆಳಗಿನವರೆಗೆ ನಡೆಯುವ ಆಟಕ್ಕೆ ಹೋಗುವವರು ಎರಡು ಬ್ಯಾಟರಿ ಹೆಚ್ಚಿಗೆ ಹಿಡಿದುಕೊಳ್ಳಬೇಕು.

ಹಳೆಯ ಲೆನ್ಸುಗಳನ್ನು ಹೊಸ ಕ್ಯಾಮೆರಾಕ್ಕೆ ಅಡಾಪ್ಟರ್ ಹಾಕಿ ಜೋಡಿಸಬಹುದು. ಕ್ಯಾನನ್ನಿನಲ್ಲಿ ಇದು ತಕರಾರಿಲ್ಲದೆ ನಡೆಯುತ್ತದೆ. ನಿಕಾನಿನಲ್ಲಿ ಒಂದು ಹಳ್ಳ ಇದೆ, ಅದರಲ್ಲಿ ನಾನು ಬೇರೆ ರೀತಿಯಲ್ಲಿ ಬಿದ್ದವನು. ಹಳೆಯ ಎಎಫ್-ಡಿ ಲೆನ್ಸುಗಳೊಳಗೆ ಮೋಟಾರಿಲ್ಲ. ಕ್ಯಾಮೆರಾದೊಳಗಿನ ಮೋಟಾರು ಅವುಗಳನ್ನು ತಿರುಗಿಸಬೇಕು. ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಆ ಮೋಟಾರಿಲ್ಲ. ಇದು ಗೊತ್ತಿಲ್ಲದೆ ನಾನು ಡಿ3100ಕ್ಕೆ ಹಳೆಯ 50 ಮಿ.ಮೀ. ಎಫ್/1.8ಡಿ ಲೆನ್ಸೊಂದನ್ನು ಕೊಂಡು ತಂದೆ. ಫೋಕಸ್ ಆಗಲೇ ಇಲ್ಲ. ಕೆಟ್ಟ ಲೆನ್ಸ್ ಕೊಟ್ಟು ಮೋಸ ಮಾಡಿದರೆಂದು ಮಾರಿದವರೊಡನೆ ಜಗಳಕ್ಕೇ ಹೊರಟಿದ್ದೆ. ಅವರು ತಮ್ಮ ಕ್ಯಾಮೆರಾಕ್ಕೆ ಹಾಕಿ ತೋರಿಸಿದರು. ಗಕ್ಕನೆ ಫೋಕಸ್ ಆಯಿತು. ಚಹಾ ಕುಡಿದು ವಾಪಸು ಬಂದೆ. ಈಗಿನ ಝಡ್ ಕ್ಯಾಮೆರಾಗಳಿಗೆ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೂ ಆ ಲೆನ್ಸುಗಳಿಗೆ ಆಟೊಫೋಕಸ್ ಬರುವುದಿಲ್ಲ. ಡಿ7000 ಸರಣಿಯಲ್ಲಿ ಮೋಟಾರಿದೆ. ನನ್ನ 50 ಮಿ.ಮೀ. ಈಗ ಡಿ7200ರ ಮೇಲೆ ಸುಖವಾಗಿದೆ.

ಫುಲ್‌ಫ್ರೇಮ್ (ಹಳೆಯ ಫಿಲ್ಮಿನಷ್ಟು ದೊಡ್ಡ ಸೆನ್ಸರ್, ಅಂದರೆ ಚಿತ್ರ ಹಿಡಿಯುವ ಫಲಕ) ಬಗ್ಗೆ ಕೇಳುವವರಿಗೆ: ಅರವತ್ತು ಸಾವಿರದ ಮಾತಿನಲ್ಲಿ ಅದು ಬೇಡ. ಮೆಗಾಪಿಕ್ಸೆಲ್ ಬಗ್ಗೆ ಕೇಳುವವರಿಗೆ: 24 ಮೆಗಾಪಿಕ್ಸೆಲ್ ಎಂದರೆ 6000 ಗುಣಿಸು 4000. ಇಂಚಿಗೆ 300 ಚುಕ್ಕಿಯಂತೆ 20 ಇಂಚು ಅಗಲದ ಪ್ರಿಂಟ್ ಆಗುತ್ತದೆ. ಕೇಳಿದವರನ್ನು, ಇಲ್ಲಿಯವರೆಗೆ ಎಷ್ಟು ಪ್ರಿಂಟ್ ಹಾಕಿಸಿದ್ದೀರಿ ಎಂದು ನಾನು ಕೇಳಿದರೆ ಮಾತು ಬೇರೆ ಕಡೆ ತಿರುಗುತ್ತದೆ.

ಹಕ್ಕಿಯ ಹಿಂದೆ ಹೋಗುವವರಿಗೆ

ಸೊರಬ ತಾಲ್ಲೂಕಿನ ಗುಡವಿಗೆ ಮಳೆಗಾಲದಲ್ಲಿ ಬಿಳಿ ಕೆಂಬರಲುಗಳು ಗೂಡು ಕಟ್ಟಲು ಬರುತ್ತವೆ. ಕೆರೆಯ ನಡುವಿನ ಮರಗಳಲ್ಲಿ ಗೂಡು, ದಡದಲ್ಲಿ ನಾವು. ಈ ದೂರವನ್ನು ದಾಟಲು ಎರಡು ದಾರಿ. ಒಂದು, ನಿಕಾನ್ ಪಿ950ರಂಥ ಸೂಪರ್‌ಜೂಮ್ ಕ್ಯಾಮೆರಾ: ಲೆನ್ಸ್ ಬದಲಿಸುವಂತಿಲ್ಲ, ಆದರೆ 83 ಪಟ್ಟು ಜೂಮ್, ಫುಲ್‌ಫ್ರೇಮಿನ 2000 ಮಿ.ಮೀ.ಗೆ ಸಮ, ತೂಕ ಒಂದು ಕಿಲೊ. ಇನ್ನೊಂದು, ಡಿಎಸ್‌ಎಲ್‌ಆರ್‌ಗೆ ಉದ್ದದ ಲೆನ್ಸ್. ನಿಕಾನಿನ 200–500 ಎಫ್/5.6 ಅನ್ನು ಡಿ7200ಕ್ಕೆ ಹಾಕಿದರೆ ಸಿಗುವುದು 750 ಮಿ.ಮೀ.ಗೆ ಸಮ, ತೂಕ ಮೂರು ಕಿಲೊ, ಖರ್ಚು ಅರವತ್ತು ಸಾವಿರವನ್ನು ದಾಟಿ ಓಡುತ್ತದೆ.

ಕಾಗದದ ಮೇಲೆ ಮೊದಲನೆಯದೇ ಗೆದ್ದಂತೆ. ಆದರೆ ಒಳಗಿನ ಸೆನ್ಸರ್ ನೋಡಿ. ಡಿ7200ರದ್ದು 23.5 ಗುಣಿಸು 15.6 ಮಿ.ಮೀ., ಒಂದು ಅಂಚೆಚೀಟಿಯಷ್ಟು. ಸೂಪರ್‌ಜೂಮಿನದ್ದು ಸುಮಾರು 6.2 ಗುಣಿಸು 4.6, ಒಂದು ತೊಗರಿಬೇಳೆಯಷ್ಟು. ವಿಸ್ತೀರ್ಣದಲ್ಲಿ ಹದಿಮೂರು ಪಟ್ಟು ವ್ಯತ್ಯಾಸ. ಬೆಳಗಿನ ಎಂಟು ಗಂಟೆಯ ಬಿಸಿಲಲ್ಲಿ ಕೊಂಬೆಯ ಮೇಲೆ ಕುಳಿತ ಮಿಂಚುಳ್ಳಿಯನ್ನು ಎರಡೂ ಚೆನ್ನಾಗಿಯೇ ತೆಗೆಯುತ್ತವೆ. ಅದೇ ಮಲೆನಾಡಿನ ಮೋಡದ ದಿನ, ಅಡಿಕೆ ತೋಟದ ನೆರಳಲ್ಲಿ, ತೊಗರಿಬೇಳೆಯ ಚಿತ್ರದ ಮೇಲೆ ರವೆ ಚೆಲ್ಲಿದಂತಾಗುತ್ತದೆ. ಗರಿಯ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾರುವ ಮಂಗಟ್ಟೆಯನ್ನು ಅದರಲ್ಲಿ ಹಿಡಿಯಲು ಹೋಗಿ ನಾನು ಆಕಾಶದ ಫೋಟೊಗಳನ್ನೇ ತೆಗೆದಿದ್ದೇನೆ. ಅಷ್ಟು ಜೂಮಿನಲ್ಲಿ ಹಕ್ಕಿ ಒಮ್ಮೆ ಚೌಕಟ್ಟಿನಿಂದ ಜಾರಿದರೆ ಮತ್ತೆ ಹುಡುಕುವುದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ಇದನ್ನು ಕೊಂಡವರೆಲ್ಲ ಮೊದಲ ವಾರ ಚಂದ್ರನ ಫೋಟೊ ಕಳುಹಿಸುವುದು ಸುಮ್ಮನಲ್ಲ. ಚಂದ್ರ ಹಾರಿಹೋಗುವುದಿಲ್ಲ.

ನನ್ನ ಒಲವು ಉದ್ದದ ಲೆನ್ಸಿನ ಕಡೆಗೇ, ಅದೂ ಹಳೆಯದನ್ನು ಹುಡುಕಿ ಕೊಂಡು. ಹಕ್ಕಿಯನ್ನು ಗುರುತಿಸಿ ಬರೆದಿಟ್ಟುಕೊಳ್ಳುವುದೇ ಮುಖ್ಯ ಎನ್ನುವವರಿಗೆ, ಬೆನ್ನುನೋವಿನವರಿಗೆ ಸೂಪರ್‌ಜೂಮ್. ಆಟೊಫೋಕಸ್ ಹೊಸದಿಲ್ಲದಿದ್ದರೆ ಹಕ್ಕಿ ಫೋಟೊ ಸಾಧ್ಯವೇ ಇಲ್ಲ ಎನ್ನುವವರಿಗೆ ಮಾತ್ರ ನಾನು ಕಿವಿಗೊಡುವುದಿಲ್ಲ. ಇದೇ ಕರ್ನಾಟಕದಲ್ಲಿ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರು 36 ಫೋಟೊಗೆ ಮುಗಿಯುವ ಫಿಲ್ಮ್ ರೋಲುಗಳ ಕಾಲದಲ್ಲಿ ಕಾಡಿನಲ್ಲಿ ಕುಳಿತು ಕೆಲಸ ಮಾಡಿದವರು.

ಹಳೆಯದನ್ನು ಕೊಳ್ಳುವಾಗ

ಕ್ಯಾಮೆರಾದ ಶಟರ್ ಎಷ್ಟು ಸಲ ಬಡಿದಿದೆ ಎಂಬ ಎಣಿಕೆ ಹಲವು ಕ್ಯಾಮೆರಾಗಳಲ್ಲಿ ಫೋಟೊ ಫೈಲಿನೊಳಗೇ ಅಡಗಿರುತ್ತದೆ. ನಿಕಾನಿನಲ್ಲಿ ಅದನ್ನು ಓದುವುದು ಸುಲಭ. ಡಿ7200ರ ಶಟರನ್ನು 1,50,000 ಬಡಿತಕ್ಕೆ ಪರೀಕ್ಷಿಸಲಾಗಿದೆ. ಐವತ್ತು ಸಾವಿರದ ಒಳಗಿದ್ದರೆ ನಿಶ್ಚಿಂತೆ. ಎಂಬತ್ತು ಸಾವಿರವಾಗಿದ್ದರೆ ಚೌಕಾಸಿ ಮಾಡಿ. ಎಫ್/16ರಲ್ಲಿ ಬಿಳಿ ಗೋಡೆಯ ಫೋಟೊ ತೆಗೆದರೆ ಸೆನ್ಸರಿನ ದೂಳು ಚುಕ್ಕೆಗಳಾಗಿ ಕಾಣುತ್ತದೆ. ಇದು ಹೆದರುವ ವಿಷಯವಲ್ಲ, ಒರೆಸಿದರೆ ಹೋಗುತ್ತದೆ.

ಹೆದರಬೇಕಾದದ್ದು ಲೆನ್ಸಿನ ಬೂಷ್ಟಿಗೆ. ಅಪರ್ಚರನ್ನು, ಅಂದರೆ ಬೆಳಕಿನ ಕಂಡಿಯನ್ನು, ಪೂರ್ತಿ ತೆರೆದು, ಒಂದು ಬದಿಯಿಂದ ಟಾರ್ಚ್ ಹಿಡಿದು, ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ನನ್ನ 70–300 ಲೆನ್ಸನ್ನು ಒಂದು ಮಳೆಗಾಲ ಪೂರ್ತಿ ಚರ್ಮದ ಚೀಲದಲ್ಲಿ ಕಪಾಟಿನ ಮೇಲಿಟ್ಟು ಮರೆತಿದ್ದೆ. ದೀಪಾವಳಿಗೆ ತೆಗೆದು ಟಾರ್ಚ್ ಬಿಟ್ಟರೆ, ಒಳಗಿನ ಗಾಜಿನ ಅಂಚಿನಿಂದ ನಡುವಿಗೆ ಜೇಡನ ಎಳೆಗಿಂತ ತೆಳುವಾದ ಬಿಳಿ ಬೇರುಗಳು ಕವಲೊಡೆದು ಹರಡಿದ್ದವು. ನೋಡಲು ಚೆಂದವೇ ಇತ್ತು, ಬೇರೆಯವರ ಲೆನ್ಸಾಗಿದ್ದರೆ. ಹೆಚ್ಚು ದಿನ ಬಿಟ್ಟರೆ ಅದು ಗಾಜಿನ ಲೇಪನವನ್ನೇ ತಿನ್ನುತ್ತದೆ. ಸ್ವಚ್ಛ ಮಾಡಿಸಿದರೂ ಗುರುತು ಉಳಿಯುತ್ತದೆ. ಮಲೆನಾಡಿನವರು, ಕರಾವಳಿಯವರು ಕ್ಯಾಮೆರಾ ಬಜೆಟ್ಟಿನಲ್ಲಿ ಇದಕ್ಕೊಂದು ಪಾಲು ಇಡಲೇಬೇಕು. ಡ್ರೈ ಕ್ಯಾಬಿನೆಟ್ ದುಬಾರಿ ಅನ್ನಿಸಿದರೆ ರಬ್ಬರ್ ಅಂಚಿನ ಬಿಗಿ ಡಬ್ಬಿ, ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ ಸಾಕು. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ನೀಲಿ ಹರಳು ತೇವ ಕುಡಿದು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿಯಾಗುತ್ತದೆ. ಅದಕ್ಕೆ ಪ್ರತ್ಯೇಕ ಬಾಣಲೆ ಇಟ್ಟುಕೊಳ್ಳಿ. ಆ ನೀಲಿ ಕೋಬಾಲ್ಟ್ ಲವಣದ್ದು, ವಿಷಕಾರಿ. ನಾನು ಒಗ್ಗರಣೆಯ ಬಾಣಲೆಯನ್ನು ಎತ್ತಿಕೊಂಡ ದಿನ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಡಬ್ಬಿಯಲ್ಲಿ ಅಕ್ಕಿ ಹಾಕಿ ಎನ್ನುವ ಸಲಹೆ ಬೇಡ, ಅಕ್ಕಿಯ ಹಿಟ್ಟು ಲೆನ್ಸಿನೊಳಗೆ ಸೇರುತ್ತದೆ.

ಅಂಗಡಿಯಲ್ಲಿ ಪುಕ್ಕಟೆ ಎಂದು ಕೊಡುವ ಅಗ್ಗದ ಯುವಿ ಫಿಲ್ಟರನ್ನು ಮನೆಗೆ ಬಂದು ತೆಗೆದಿಡಿ. ರಂಗದ ದೀಪಗಳ ಭೂತಬಿಂಬ ಫೋಟೊದಲ್ಲಿ ಮೂಡುವುದು ಹೆಚ್ಚಾಗಿ ಅದರಿಂದಲೇ. ಅಗ್ಗದ ಟ್ರೈಪಾಡ್ ಗಾಳಿಗೆ ಬಾಳೆ ಎಲೆ ಅಲುಗಿದಂತೆ ಅಲುಗುತ್ತದೆ. ಫೋಟೊ ತಿದ್ದಲು ತಿಂಗಳ ಬಾಡಿಗೆಯ ತಂತ್ರಾಂಶ ಬೇಕಿಲ್ಲ, ಡಾರ್ಕ್‌ಟೇಬಲ್ ಉಚಿತ. ಕಲಿಯಲು ಹಟ ಬೇಕು, ಅಷ್ಟೇ.

ಆ ಮೂವರಲ್ಲಿ ಆಟದವರು ಹಳೆಯ ಡಿ7200, 35 ಮಿ.ಮೀ. ಎಫ್/1.8 ಕೊಂಡರು. ಉಳಿದ ಹಣದಲ್ಲಿ ಚೌಕಿಯ ಫೋಟೊಗಳನ್ನು ಪ್ರಿಂಟ್ ಹಾಕಿಸಿ ಕಲಾವಿದರಿಗೇ ಕೊಟ್ಟಿದ್ದಾರೆ. ಈಗ ಅವರಿಗೆ ಚೌಕಿಯಲ್ಲಿ ಚಾಪೆ ಹಾಕಿಕೊಡುತ್ತಾರೆ, ನಾನು ಇನ್ನೂ ಮೂಲೆಯಲ್ಲೇ ನಿಲ್ಲುತ್ತೇನೆ. ಭರತನಾಟ್ಯದ ತಂದೆ ಆರ್50 ತಂದರು, ಹಸಿರು ಆಟೊ ಮೋಡಿನಿಂದ ಕದಲಿಲ್ಲ, ವಿಡಿಯೊ ಚೆನ್ನಾಗಿ ಬರುತ್ತಿದೆ. ಗುಡವಿಯವರು ನನ್ನ ಉಪದೇಶವನ್ನೆಲ್ಲ ತಲೆಯಾಡಿಸಿ ಕೇಳಿ, ಸೂಪರ್‌ಜೂಮ್ ಕೊಂಡುಬಂದರು. ಮೊದಲ ವಾರ ಚಂದ್ರನ ಫೋಟೊ ಬಂತು. ಆಮೇಲೆ ಪ್ರತಿ ಭಾನುವಾರ, ನಾನು ಮೂರು ಕಿಲೊ ಚೀಲದ ಬಗ್ಗೆ ಯೋಚಿಸಿ ಇನ್ನರ್ಧ ಗಂಟೆ ಮಲಗುವ ಹೊತ್ತಿಗೆ, ಅವರು ಒಂದೇ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಸ್ಕೂಟರಿನಲ್ಲಿ ಹೊರಟಿರುತ್ತಾರೆ. ಈ ವರ್ಷ ಕಂಡ ಹಕ್ಕಿಗಳ ಪಟ್ಟಿಯಲ್ಲಿ ಅವರು ನನಗಿಂತ ಹದಿನೇಳು ಮುಂದಿದ್ದಾರೆ.